ಸೋಲಿನ ಭಯದಿಂದ ಮುಂದೂಡಿದ ಕೆಲಸವನ್ನು ಕೈಗೆತ್ತಿಕೊಳ್ಳುವುದು ಹೇಗೆ?

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದುತ್ತಿರುವ, ಮುಂಬಯಿ ಬಳಿಯ ಡೊಂಬಿವಲಿಯ ಹುಡುಗ ಪುಸ್ತಕ ಮುಟ್ಟದೆ ದಿನ ದೂಡುತ್ತಾನೆ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಕನ್ನಡ ವಿಭಾಗದಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡ ಶಿಕ್ಷಕಿ ಎರಡನೆಯ ಅಧ್ಯಾಯಕ್ಕೆ ಕೈಹಾಕುವುದಿಲ್ಲ. ಠಾಣೆಯ ಗೃಹಿಣಿಯೊಬ್ಬರು ಚಟ್ನಿಪುಡಿ, ಹಪ್ಪಳದ ಮಾರಾಟ ಶುರುಮಾಡಬೇಕೆಂದು ವರ್ಷಗಟ್ಟಲೆ ಹೇಳುತ್ತಲೇ ಇರುತ್ತಾರೆ. ಮೂವರಿಗೂ ಸಿಗುವ ಬುದ್ಧಿವಾದ ಒಂದೇ: ಸೋಮಾರಿತನ ಬಿಡು, ವೇಳಾಪಟ್ಟಿ ಹಾಕಿಕೋ.

ಭಾನುವಾರಗಳಲ್ಲಿ ಮುಂಬಯಿಯ ಕನ್ನಡ ಮನೆಗಳ ಮಕ್ಕಳ ಜೊತೆ ಕುಳಿತು ಲೆಕ್ಕಶಾಸ್ತ್ರ ಹೇಳಿಕೊಡುವ ನಾನು, ಈ ಬುದ್ಧಿವಾದ ಫಲ ಕೊಟ್ಟದ್ದನ್ನು ಕಂಡದ್ದು ಬಹಳ ಕಡಿಮೆ. ಏಕೆಂದರೆ ಇವರಲ್ಲಿ ಹೆಚ್ಚಿನವರು ಸೋಮಾರಿಗಳೇ ಅಲ್ಲ. ಮುಂಜಾನೆ ಲೋಕಲ್ ಹಿಡಿದು ಹೋಗಿ, ಇಡೀ ದಿನ ಆಡಿಟ್ ಕೆಲಸ ಮಾಡಿ, ರಾತ್ರಿ ಬಂದು ಮನೆಗೆ ತರಕಾರಿ ತಂದುಕೊಡುವವರು. ಅವರ ಕೈಕಾಲು ಕಟ್ಟಿಹೋಗುವುದು ಒಂದೇ ಒಂದು ಕೆಲಸದ ಮುಂದೆ. ಅದು ಅವರಿಗೆ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ ಕೆಲಸವೇ ಆಗಿರುತ್ತದೆ. ಆ ಕೆಲಸ ಮಾಡಿದರೆ ಒಂದು ತೀರ್ಪು ಹೊರಬೀಳುತ್ತದೆ: ನೀನು ಇದಕ್ಕೆ ತಕ್ಕವನು, ಅಥವಾ ತಕ್ಕವನಲ್ಲ. ಮಾಡದೆ ಇರುವಷ್ಟು ದಿನ ತೀರ್ಪೂ ಬರುವುದಿಲ್ಲ. ಆದ್ದರಿಂದ ಗಡಿಯಾರಕ್ಕೆ ಸಂಬಂಧಿಸಿದ ಉಪಾಯಗಳು ಇಲ್ಲಿ ನಾಟುವುದಿಲ್ಲ. ಆ ತೀರ್ಪಿನ ಬೆಲೆಯನ್ನು ಇಳಿಸಬೇಕು. ಕೆಳಗಿನ ಹಂತಗಳೆಲ್ಲವೂ ಅದಕ್ಕಾಗಿಯೇ ಇವೆ. ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿ. ಮೊದಲ ಎರಡಕ್ಕೆ ಒಂದು ವಾರವನ್ನಾದರೂ ಕೊಡಿ.

ಮೊದಲು ನೋಡಿಕೊಳ್ಳಿ: ಭಯವೋ, ದಣಿವೋ, ಬೇಸರವೋ?

ಕೆಲಸ ಮುಂದೂಡಲು ಕಾರಣಗಳು ಹಲವು. ವಿರಾರ್‌ನಿಂದ ಚರ್ಚ್‌ಗೇಟಿಗೆ ದಿನವೂ ನಿಂತುಕೊಂಡೇ ಓಡಾಡುವವನಿಗೆ ರಾತ್ರಿ ಓದಲಾಗದಿದ್ದರೆ ಅದು ದಣಿವು. ನಿದ್ದೆ ಮಾಡಿದರೆ ಹೋಗುತ್ತದೆ. ಜಿಎಸ್‌ಟಿ ರಿಟರ್ನ್ ತುಂಬುವುದನ್ನು ಕೊನೆಯ ದಿನದವರೆಗೆ ಎಳೆಯುವುದು ಬಹುಮಟ್ಟಿಗೆ ಬೇಸರ. ಲಾರಾ ಸಾಲೊಮನ್ ಮತ್ತು ಎಸ್ತರ್ ರಾಥ್‌ಬ್ಲಮ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳು ಕೆಲಸ ಮುಂದೂಡಲು ಕೊಟ್ಟ ಕಾರಣಗಳಲ್ಲಿ ಎರಡು ಎದ್ದು ಕಂಡವು: ಕೆಲಸ ಇಷ್ಟವಾಗದಿರುವುದು ಮತ್ತು ಸೋಲಿನ ಭಯ. ಎರಡರ ಮದ್ದೂ ಬೇರೆ ಬೇರೆ.

ಭಯವಾದರೆ ಅದರ ಗುರುತುಗಳು ಸ್ಪಷ್ಟ. ಬೇರೆ ಕೆಲಸಗಳಲ್ಲಿ ನೀವು ಚುರುಕಾಗಿರುತ್ತೀರಿ. ಓದಲು ಕೂರಬೇಕಾದ ಹೊತ್ತಿನಲ್ಲಿ ಕಪಾಟು ಒರೆಸುತ್ತೀರಿ, ಬಣ್ಣದ ಪೆನ್ನುಗಳಿಂದ ಹೊಸ ವೇಳಾಪಟ್ಟಿ ಬರೆಯುತ್ತೀರಿ, ಯಾರ ನೋಟ್ಸ್ ಒಳ್ಳೆಯದು ಎಂದು ಹತ್ತು ಜನರನ್ನು ಕೇಳುತ್ತೀರಿ. ಸಿದ್ಧತೆಗೆ ಕೊನೆಯೇ ಇರುವುದಿಲ್ಲ. ‘ಸೋಮವಾರದಿಂದ ಶುರು’ ಎಂದು ನಿರ್ಧರಿಸಿದ ಕೂಡಲೇ ಎದೆ ಹಗುರಾಗುತ್ತದೆ. ಈ ಹಗುರಾಗುವಿಕೆಯನ್ನು ಗಮನಿಸಿ, ಬಲೆ ಇರುವುದು ಇಲ್ಲೇ. ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೊತಿ ಪಿಚಿಲ್ 2013ರಲ್ಲಿ ಬರೆದ ಪ್ರಬಂಧದ ಸಾರವೂ ಇದೇ: ಮುಂದೂಡುವವರು ಆ ಗಳಿಗೆಯ ಕಹಿಯಿಂದ ಪಾರಾಗುತ್ತಾರೆ, ಅದರ ಲೆಕ್ಕವನ್ನು ನಾಳಿನ ತಮ್ಮ ತಲೆಗೇ ಕಟ್ಟುತ್ತಾರೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ರಾತ್ರಿ ಬಂದು ಕದ ತಟ್ಟುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ಮರುರಾತ್ರಿ ಅದು ಮತ್ತೆ ಬರುತ್ತದೆ, ಬರಹವೂ ಅಲ್ಲೇ ಇರುತ್ತದೆ. ಭಯದಿಂದ ಮುಂದೂಡಿದ ಕೆಲಸದ ಪಾಡೂ ಹಾಗೆಯೇ. ಪ್ರತಿ ರಾತ್ರಿಯ ನೆಮ್ಮದಿ ನಿಜವಾದದ್ದೇ, ಆದರೆ ಬಾಗಿಲು ತೆರೆಯದೆ ಅದು ಮುಗಿಯುವುದಿಲ್ಲ.

ಇನ್ನೊಂದು ಗುರುತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜಾಣ ಮಕ್ಕಳೇ ಇದರಲ್ಲಿ ಹೆಚ್ಚು ಸಿಲುಕುತ್ತಾರೆ. ಅಮೆರಿಕದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ 1978ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಬಿಡಿಸಬಹುದಾದ ಪ್ರಶ್ನೆಗಳನ್ನೂ, ಉಳಿದವರಿಗೆ ಬಿಡಿಸಲಾಗದ ಪ್ರಶ್ನೆಗಳನ್ನೂ ಕೊಟ್ಟು, ಎಲ್ಲರಿಗೂ ‘ನೀವು ತುಂಬಾ ಚೆನ್ನಾಗಿ ಮಾಡಿದ್ದೀರಿ’ ಎಂದರು. ಮುಂದಿನ ಪರೀಕ್ಷೆಗೆ ಮೊದಲು ಎರಡು ಮಾತ್ರೆಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರು: ಒಂದು ಬುದ್ಧಿ ಚುರುಕುಗೊಳಿಸುವುದು, ಇನ್ನೊಂದು ಮಂದಗೊಳಿಸುವುದು ಎಂದು ತಿಳಿಸಲಾಗಿತ್ತು. ತಾವು ಹೇಗೆ ಗೆದ್ದೆವೆಂದೇ ತಿಳಿಯದ ಹುಡುಗರು ಮಂದಗೊಳಿಸುವ ಮಾತ್ರೆಯತ್ತ ಹೆಚ್ಚು ವಾಲಿದರು. ಮುಂದೆ ಸೋತರೆ ಮಾತ್ರೆಯ ಮೇಲೆ ಹಾಕಬಹುದಲ್ಲ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮಗೆ ಗೊತ್ತು. ಇವರು ಕುಣಿಯುವ ಮೊದಲೇ ನೆಲವನ್ನು ಡೊಂಕು ಮಾಡಿಟ್ಟುಕೊಂಡವರು. ಹತ್ತನೆಯ ತರಗತಿಯಲ್ಲಿ ಶೇ. 90ಕ್ಕೂ ಮೀರಿ ಅಂಕ ಪಡೆದು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾರ ಹಾಕಿಸಿಕೊಂಡ ಹುಡುಗ ಸಿಎ ಪರೀಕ್ಷೆಗೆ ಕೊನೆಯ ಹದಿನೈದು ದಿನ ಮಾತ್ರ ಓದುತ್ತಾನಲ್ಲ, ಅಲ್ಲಿ ನಡೆಯುವುದೂ ಇದೇ. ಸೋತರೆ ‘ಓದಲು ಸಮಯ ಸಾಲಲಿಲ್ಲ’. ಬುದ್ಧಿಯ ಮೇಲೆ ತೀರ್ಪು ಬರುವುದಿಲ್ಲ.

ಈ ಗುರುತುಗಳು ನಿಮ್ಮವು ಎನ್ನಿಸಿದರೆ ಮುಂದೆ ಓದಿ.

ಹಂತ 1: ತೀರ್ಪು ಕೊಡುವವರು ಯಾರೆಂದು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬೇಡ, ಕೈಬರಹದಲ್ಲೇ ಬರೆಯಿರಿ. ಮೇಲೆ ಆ ಕೆಲಸದ ಹೆಸರು. ಕೆಳಗೆ ನಾಲ್ಕು ಪ್ರಶ್ನೆಗಳು: ಇದರಲ್ಲಿ ಸೋತರೆ ಆ ದಿನ ನಿಜವಾಗಿ ಏನಾಗುತ್ತದೆ? ಒಂದು ವರ್ಷದ ನಂತರ ಅದರಲ್ಲಿ ಏನು ಉಳಿದಿರುತ್ತದೆ? ಸೋತೆ ಎಂದುಕೊಂಡಾಗ ಕಣ್ಣ ಮುಂದೆ ಬರುವ ಮುಖ ಯಾರದು? ಹೀಗೇ ಮುಂದೂಡುತ್ತ ಹೋದರೆ ಅದೇ ಒಂದು ವರ್ಷದ ನಂತರ ನಾನು ಎಲ್ಲಿರುತ್ತೇನೆ?

ಸಿಎ ಇಂಟರ್‌ಮೀಡಿಯೆಟ್ (ಸಿಎಯ ನಡುವಣ ಹಂತ, ಇದರ ಪತ್ರಿಕೆಗಳನ್ನು ಎರಡು ಗ್ರೂಪುಗಳಾಗಿ ಹಂಚಿರುತ್ತಾರೆ) ಓದುವ ಹುಡುಗನೊಬ್ಬನ ಹಾಳೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ಮೇ ತಿಂಗಳಲ್ಲಿ ಒಂದು ಗ್ರೂಪ್ ಹೋದರೆ ಆ ದಿನ ಅಳು ಬರುತ್ತದೆ, ಅಮ್ಮ ಊಟ ಮಾಡುವುದಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಬರೆಯಬಹುದು. ಒಂದು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ, ದೊಡ್ಡಪ್ಪನನ್ನು ಬಿಟ್ಟು.’ ಬರೆಯುವವರೆಗೆ ಅವನ ತಲೆಯಲ್ಲಿದ್ದದ್ದು ‘ಎಲ್ಲ ಮುಗಿದು ಹೋಗುತ್ತದೆ’ ಎಂಬ ಒಂದೇ ವಾಕ್ಯ. ಕಾಗದದ ಮೇಲೆ ಇಳಿದಾಗ ಅದಕ್ಕೆ ಒಂದು ತಿಂಗಳ ಹೆಸರು ಬಂತು, ಒಬ್ಬ ವ್ಯಕ್ತಿಯ ಹೆಸರು ಬಂತು. ಇಲ್ಲಿ ನಿಮ್ಮ ಪರೀಕ್ಷೆಯ ನಿಯಮಗಳನ್ನೂ ಬರೆದುಕೊಳ್ಳಿ. ಸಿಎ ಇಂಟರ್‌ಮೀಡಿಯೆಟ್ 2024ರಿಂದ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ. ತೇರ್ಗಡೆಗೆ ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಗ್ರೂಪಿನಲ್ಲಿ ಒಟ್ಟು ಶೇ. 50 ಬೇಕು, ಗೆದ್ದ ಗ್ರೂಪ್ ಗೆದ್ದಂತೆಯೇ ಉಳಿಯುತ್ತದೆ. ಭಯದಲ್ಲಿರುವವನು ಇದನ್ನು ಒಂದೇ ಬಾರಿ ನಡೆಯುವ, ನೂರಕ್ಕೆ ನೂರು ಬೇಕಾದ ಪರೀಕ್ಷೆ ಎಂಬಂತೆ ಹೊತ್ತುಕೊಂಡಿರುತ್ತಾನೆ.

ಆ ಮೂರನೆಯ ಪ್ರಶ್ನೆ, ಮುಖದ ಪ್ರಶ್ನೆ, ಮುಂಬಯಿಯ ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ್ದು. ಕುಂದಾಪುರ, ಉಡುಪಿಯ ಕಡೆಯಿಂದ ಹುಡುಗರಾಗಿ ಬಂದ ಹಿಂದಿನ ತಲೆಮಾರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿತು. ಆ ಕಥೆ ನಿಜ, ಆ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದೇ ಕಥೆ ಊಟದ ಹೊತ್ತಿನಲ್ಲಿ ‘ನಾನು ಗ್ಲಾಸು ತೊಳೆದು ಓದಿದೆ, ನಿನಗೇನು ಕಡಿಮೆಯಾಗಿದೆ?’ ಎಂದು ಬಂದಾಗ ಮಗನ ಕಿವಿಗೆ ಬೀಳುವುದು ಬೇರೆ: ನಿನಗೆ ಸೋಲುವುದಕ್ಕೆ ನೆಪವೇ ಇಲ್ಲ. ಆ ಮೇಲೆ ಅವನು ಬರೆಯುವುದು ತನ್ನ ಪರೀಕ್ಷೆಯನ್ನಲ್ಲ, ಅಪ್ಪಯ್ಯನ ಮೂವತ್ತು ವರ್ಷದ ದುಡಿಮೆಗೆ ಉತ್ತರವನ್ನು. ಯಾವ ಹುಡುಗನ ಕೈ ನಡುಗುವುದಿಲ್ಲ?

ಆದ್ದರಿಂದ ಹಾಳೆಯಲ್ಲಿ ಬಂದ ಮುಖ ಮನೆಯವರದ್ದಾದರೆ ಒಮ್ಮೆ ಅವರನ್ನೇ ಕೇಳಿ. ಹೀಗೆ ನೇರವಾಗಿ:

“ಅಪ್ಪಯ್ಯ, ಈ ಸಲ ಒಂದು ಗ್ರೂಪ್ ಹೋದರೆ ನಿಮಗೆ ಏನನ್ನಿಸುತ್ತದೆ?”

“ಹೋದರೆ ಇನ್ನೊಂದು ಸಲ ಬರೆ. ನನಗೆ ಸಿಟ್ಟು ಬರುವುದು ನೀನು ಪುಸ್ತಕ ಮುಚ್ಚಿಟ್ಟು ಕೂತಾಗ.”

ಇಂಥ ಉತ್ತರ ಬರುವುದು ನೀವು ಎಣಿಸಿದ್ದಕ್ಕಿಂತ ಹೆಚ್ಚು. ಕೆಲವೊಮ್ಮೆ ಬರುವುದಿಲ್ಲ; ಆಗಲೂ ಆ ಮನುಷ್ಯನ ನಿಜವಾದ ಮಾತು ನಿಮ್ಮ ಕಲ್ಪನೆಯ ಮಾತಿಗಿಂತ ಚಿಕ್ಕದಾಗಿರುತ್ತದೆ.

ಊರಿನವರ ವಿಷಯ ಬೇರೆ. ಮೇ ತಿಂಗಳಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋದರೆ ಮದುವೆಯ ಊಟದ ಪಂಕ್ತಿಯಲ್ಲೇ ಪ್ರಶ್ನೆ ಬರುತ್ತದೆ: “ಏನಾಯಿತು ಮಾರಾಯ ನಿನ್ನ ಪರೀಕ್ಷೆ?” ಅಲ್ಲಿ ವಿವರಣೆ ಬೇಡ. ಒಂದು ವಾಕ್ಯವನ್ನು ಮೊದಲೇ ಬರೆದು ಬಾಯಿಪಾಠ ಮಾಡಿಕೊಳ್ಳಿ: “ಓದು ನಡೆಯುತ್ತಿದೆ ಮಾವ, ಮುಂದಿನದು ಸೆಪ್ಟೆಂಬರಿನಲ್ಲಿ. ನಿಮ್ಮ ಮಂಡಿ ನೋವು ಹೇಗಿದೆ?” ಇದು ಸುಳ್ಳೂ ಅಲ್ಲ, ಅಗೌರವವೂ ಅಲ್ಲ. ಫಲಿತಾಂಶದ ದಿನಾಂಕವನ್ನು ಎಲ್ಲರಿಗೂ ಹೇಳಿಕೊಂಡು ಬರಬೇಕಾದ ಅಗತ್ಯವೂ ಇಲ್ಲ.

ಹಂತ 2: ಮಾರ್ಕು ಹಾಕಲಾಗದಷ್ಟು ಚಿಕ್ಕ ಕೆಲಸ

ದೊಡ್ಡ ಕೆಲಸವನ್ನು ಸಣ್ಣದಾಗಿ ಒಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಭಯ ಇರುವವರಿಗೆ ಸಣ್ಣದಾದರೆ ಸಾಲದು. ‘ಇವತ್ತು ಒಂದೇ ಲೆಕ್ಕ ಬಿಡಿಸುತ್ತೇನೆ’ ಎಂದರೆ ಆ ಒಂದು ಲೆಕ್ಕವೂ ಸರಿ ಅಥವಾ ತಪ್ಪು ಆಗುತ್ತದೆ, ಅಲ್ಲಿಯೂ ತೀರ್ಪು ಕಾಯುತ್ತಿರುತ್ತದೆ. ಆದ್ದರಿಂದ ಮೊದಲ ತುಂಡನ್ನು ಯಾರೂ ಅಂಕ ಕೊಡಲಾಗದ ಹಾಗೆ ಕತ್ತರಿಸಿ.

ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕದ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಬರುವ ಪ್ರೊಸೆಸ್ ಕಾಸ್ಟಿಂಗ್ (ತಯಾರಿಕೆಯ ಒಂದೊಂದು ಹಂತದ ವೆಚ್ಚ ಲೆಕ್ಕಹಾಕುವುದು) ಎಂದರೆ ಹೊಟ್ಟೆಯೊಳಗೆ ಕಲ್ಲು ಬೀಳುವವರಿದ್ದಾರೆ. ಕೆಲಸ ಇಷ್ಟೇ: ಪ್ರಶ್ನೆಯನ್ನು ಕೈಯಾರೆ ನಕಲು ಮಾಡಿ, ಕೊಟ್ಟ ಅಂಕಿಗಳ ಸುತ್ತ ಗೆರೆ ಎಳೆಯುವುದು. ಬಿಡಿಸುವ ಹಾಗಿಲ್ಲ. ಪ್ರಕ್ರಿಯೆಗೆ ಹೋದದ್ದು 1000 ಯೂನಿಟ್, ಗೆರೆ. ನಾರ್ಮಲ್ ಲಾಸ್, ಅಂದರೆ ಸಹಜವಾಗಿ ಆಗುವ ನಷ್ಟ ಶೇ. 5, ಗೆರೆ. ಹೊರಬಂದದ್ದು 930, ಗೆರೆ. ಇಷ್ಟು ಮಾಡುತ್ತಿರುವಾಗ ಕೈ ತಾನಾಗಿಯೇ ಅಂಚಿನಲ್ಲಿ 50 ಎಂದು ಬರೆಯುತ್ತದೆ. ಹಾಗಾದರೆ 950 ಬರಬೇಕಿತ್ತು. ಬಂದದ್ದು 930. ಇಪ್ಪತ್ತು ಎಲ್ಲಿ ಹೋಯಿತು? ಆ ಇಪ್ಪತ್ತೇ ಅಬ್‌ನಾರ್ಮಲ್ ಲಾಸ್. ಹತ್ತು ನಿಮಿಷದ ಹಿಂದೆ ಪುಟ ತೆರೆಯಲು ಹೆದರುತ್ತಿದ್ದ ಹುಡುಗಿ ಈಗ ಆ ಇಪ್ಪತ್ತರ ಬೆನ್ನು ಹತ್ತಿರುತ್ತಾಳೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಪ್ರತಿ ಸಲವೂ ಸಂತೋಷವಾಗುತ್ತದೆ. ಒಮ್ಮೊಮ್ಮೆ ಆ ಹುಡುಗಿ ಗೆರೆ ಎಳೆದು ಪುಸ್ತಕ ಮುಚ್ಚುತ್ತಾಳೆ. ಅದೂ ಆ ದಿನದ ಕೆಲಸ ಮುಗಿದ ಹಾಗೆಯೇ. ‘ಇಷ್ಟೇನಾ’ ಎಂದು ಕೇಳಬೇಡಿ.

ಪ್ರಬಂಧ ಬರೆಯುವವರಿಗೆ ಉಪಾಯ ಬೇರೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಮೇಲೆ ಅಧ್ಯಾಯ ಬರೆಯಬೇಕೆಂದುಕೊಳ್ಳಿ. ಅಧ್ಯಾಯದ ಕಡತ ತೆರೆಯಬೇಡಿ. ಊರಿನಲ್ಲಿರುವ ತಂಗಿಗೆ ಪತ್ರ ಬರೆಯಿರಿ: ‘ನಾನು ಹೇಳಬೇಕೆಂದಿರುವುದು ಇಷ್ಟು, ಹಗಲೆಲ್ಲ ದುಡಿದವರು ರಾತ್ರಿ ಏಕೆ ಓದಲು ಬಂದರು ಎಂಬುದು...’ ತಂಗಿಗೆ ಬರೆದ ಪತ್ರಕ್ಕೆ ಅಡಿಟಿಪ್ಪಣಿ ಬೇಡ, ಮಾರ್ಗದರ್ಶಕರ ಕೆಂಪು ಗೆರೆ ಇಲ್ಲ. ಎರಡು ಪುಟವಾದಾಗ ಅದರಲ್ಲಿ ಅರ್ಧ ಪುಟ ಅಧ್ಯಾಯಕ್ಕೆ ಸೇರುವಂಥದ್ದೇ ಇರುತ್ತದೆ. ಬರೆಯುವವರು ಎರಡು ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಯಾರಿಗೂ ತೋರಿಸದ ಕಚ್ಚಾ ಪುಸ್ತಕ, ಅದರಲ್ಲಿ ತಪ್ಪು ಬರೆಯುವುದಕ್ಕೇ ಜಾಗ; ಇನ್ನೊಂದು ತಿದ್ದಿ ಬರೆಯುವ ಪುಸ್ತಕ. ಎರಡನ್ನೂ ಒಂದೇ ದಿನ ತೆರೆಯಬೇಡಿ.

ಚಟ್ನಿಪುಡಿ ಮಾರಬೇಕೆಂದಿರುವವರಿಗೆ? ಹೆಸರು, ಲೇಬಲ್, ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಇವೆಲ್ಲ ಬೇಕು, ಆದರೆ ಮಾರುವ ಹೊತ್ತಿಗೆ. ಈ ವಾರ ಮಾಡಬೇಕಾದದ್ದು ಎರಡು ಬಗೆಯ ಪುಡಿ ಕುಟ್ಟಿ, ಪಕ್ಕದ ಮೂರು ಮನೆಗಳಿಗೆ ಪುಟ್ಟ ಡಬ್ಬಿಯಲ್ಲಿ ಕೊಟ್ಟು, ‘ಯಾವುದರಲ್ಲಿ ಖಾರ ಹೆಚ್ಚಾಯಿತು?’ ಎಂದು ಕೇಳುವುದು. ಚೆನ್ನಾಗಿದೆಯೇ ಎಂದು ಕೇಳಿದರೆ ತೀರ್ಪು ಬರುತ್ತದೆ. ಯಾವುದರಲ್ಲಿ ಖಾರ ಎಂದು ಕೇಳಿದರೆ ಮಾಹಿತಿ ಬರುತ್ತದೆ.

ಹಂತ 3: ಜಾಗ, ಹೊತ್ತು ಮತ್ತು ಒಂದು ವಾಕ್ಯ

ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ ತೋರಿಸಿಕೊಟ್ಟ ಸರಳ ಸಂಗತಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ‘ದಿನಾ ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ನಿರ್ದಿಷ್ಟ ವಾಕ್ಯ ಕೆಲಸವನ್ನು ಹೆಚ್ಚು ಮಾಡಿಸುತ್ತದೆ. ಆ ಗಳಿಗೆಯಲ್ಲಿ ಮನಸ್ಸು ನಿರ್ಧರಿಸಬೇಕಾದದ್ದು ಏನೂ ಉಳಿದಿರುವುದಿಲ್ಲ. ಭಯ ನುಸುಳುವುದೇ ಆ ನಿರ್ಧಾರದ ಸಂದಿಯಲ್ಲಿ.

ನಿಮ್ಮ ಮನೆಯ ದಿನಚರಿಯಲ್ಲಿ ತಪ್ಪದೆ ನಡೆಯುವ ಒಂದು ಸಂಗತಿಗೆ ಅದನ್ನು ಕಟ್ಟಿ. ಮುಂಬಯಿಯಲ್ಲಿ ಅನೇಕ ಕಟ್ಟಡಗಳಿಗೆ ನಲ್ಲಿ ನೀರು ಬರುವ ಹೊತ್ತು ಗೊತ್ತುಪಡಿಸಿದ್ದು. ‘ಬೆಳಿಗ್ಗೆ ನೀರು ತುಂಬಿಸಿ ನಲ್ಲಿ ನಿಲ್ಲಿಸಿದ ಕೂಡಲೇ ಕಚ್ಚಾ ಪುಸ್ತಕ ತೆರೆದು ಹತ್ತು ನಿಮಿಷ ಬರೆಯುತ್ತೇನೆ.’ ಅಡಚಣೆಗೂ ಒಂದು ವಾಕ್ಯ ಇರಲಿ: ‘ಮಳೆಗೆ ಟ್ರೇನು ನಿಂತು ತಡವಾಗಿ ಬಂದರೆ, ಬಟ್ಟೆ ಬದಲಿಸುವ ಮೊದಲು ಒಂದು ಪ್ರಶ್ನೆ ನಕಲು ಮಾಡುತ್ತೇನೆ, ಅಷ್ಟೇ.’

ಒನ್ ರೂಮ್ ಕಿಚನ್ ಮನೆಯಲ್ಲಿ ಟಿವಿ, ಕುಕ್ಕರ್, ತಮ್ಮನ ಫೋನು ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಮರಾಠಿಯಲ್ಲಿ ಅಭ್ಯಾಸಿಕಾ ಎನ್ನುವ ಓದುಕೋಣೆಗಳು ಈ ನಗರದ ಹಲವು ಬಡಾವಣೆಗಳಲ್ಲಿವೆ, ಶುಲ್ಕ ಹೆಚ್ಚಿರುವುದಿಲ್ಲ. ನಿಮ್ಮ ಬಡಾವಣೆಯದನ್ನು ಹುಡುಕಿ. ಆದರೆ ಅಲ್ಲಿ ಸುತ್ತ ಕುಳಿತವರ ಪುಸ್ತಕದ ದಪ್ಪ ನೋಡಿ ಎದೆ ಕುಸಿಯುವುದಾದರೆ ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳಿ. ಹೋಲಿಕೆಯೂ ಒಂದು ತೀರ್ಪೇ. ಲೋಕಲ್ ಟ್ರೇನಿನಲ್ಲಿ ಮುಖ್ಯ ಓದನ್ನು ಇಟ್ಟುಕೊಳ್ಳಬೇಡಿ. ನಿಂತಲ್ಲಿ ಹಳೆಯ ಪ್ರಶ್ನೆಗಳನ್ನು ಕಣ್ಣಾಡಿಸಿದರೆ ಸಾಕು.

ಸಮಯ ಇಟ್ಟು ಓದುವವರಿಗೆ ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಗೊತ್ತೇ ಇದೆ. ಒಳ್ಳೆಯದೇ. ಮೊದಲ ಎರಡು ವಾರ ಮಾತ್ರ ಹತ್ತು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಸ್ಫೂರ್ತಿ ತುಂಬುವ ವಿಡಿಯೋಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅವು ಗೆದ್ದವರನ್ನೇ ತೋರಿಸುತ್ತವೆ. ಸೋಲಿಗೆ ಹೆದರುವವನಿಗೆ ಅದರಿಂದ ಪಣ ಇನ್ನಷ್ಟು ಏರುತ್ತದೆ.

ಹಂತ 4: ಸಣ್ಣ ಸೋಲನ್ನು ಬೇಗ ತಂದುಕೊಳ್ಳಿ

ಈ ಹಂತ ಯಾರಿಗೂ ಇಷ್ಟವಾಗುವುದಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ. ಭಯ ಬದುಕುಳಿಯುವುದು ತಪ್ಪಿಸಿಕೊಳ್ಳುವುದರಿಂದ. ಹೆದರಿದ ವಸ್ತುವಿನ ಎದುರು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ನಿಂತಾಗ ಅದು ಇಳಿಯುತ್ತದೆ. ಮನೋಚಿಕಿತ್ಸೆಯಲ್ಲಿ ಭಯಕ್ಕೆ ಬಹುಕಾಲದಿಂದ ಬಳಸುವ ದಾರಿ ಇದು.

ವಿದ್ಯಾರ್ಥಿಗಳು ಮಾದರಿ ಪರೀಕ್ಷೆಯನ್ನು ‘ಪಾಠ ಮುಗಿದ ಮೇಲೆ’ ಎಂದು ಎತ್ತಿಡುತ್ತಾರೆ. ಪಾಠ ಎಂದೂ ಮುಗಿಯುವುದಿಲ್ಲ. ಪರೀಕ್ಷೆಗೆ ತಿಂಗಳುಗಳಿರುವಾಗಲೇ, ಏನೂ ಸಿದ್ಧವಿಲ್ಲದಿರುವಾಗಲೇ ಒಂದು ಪತ್ರಿಕೆ ಬರೆಯಿರಿ. 22 ಬರಲಿ, 18 ಬರಲಿ. ಅಂಕವನ್ನು ಮೇಲೆ ಕೆಂಪು ಶಾಯಿಯಲ್ಲಿ ಬರೆಯಬೇಡಿ, ಕೊನೆಯ ಪುಟದ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕ ಒಂದು ಅಕ್ಷರ ಹಾಕಿ. ಗೊತ್ತೇ ಇರಲಿಲ್ಲ ಎಂದಾದರೆ ‘ಗೊ’. ಗೊತ್ತಿತ್ತು, ನೆನಪಾಗಲಿಲ್ಲ ಎಂದಾದರೆ ‘ನೆ’. ಸಮಯ ಸಾಲಲಿಲ್ಲ ಎಂದಾದರೆ ‘ಸ’. ಪ್ರಶ್ನೆಯನ್ನೇ ತಪ್ಪಾಗಿ ಓದಿದೆ ಎಂದಾದರೆ ‘ಓ’. ಎಣಿಸಿ ನೋಡಿ. ಇಡೀ ಪತ್ರಿಕೆಯ ಸೋಲು ಈಗ ನಾಲ್ಕು ಬೇರೆ ಬೇರೆ ಕೆಲಸಗಳಾಗಿ ಒಡೆದಿರುತ್ತದೆ. ‘ಗೊ’ಗಳಿಗೆ ಪಾಠ ಓದಬೇಕು, ‘ನೆ’ಗಳಿಗೆ ಪುನರಾವರ್ತನೆ ಬೇಕು, ‘ಸ’ಗಳಿಗೆ ಗಡಿಯಾರ ಇಟ್ಟು ಬರೆಯಬೇಕು, ‘ಓ’ಗಳಿಗೆ ಪ್ರಶ್ನೆಯ ಅಡಿಗೆರೆ ಎಳೆಯುವ ಅಭ್ಯಾಸ ಸಾಕು. ‘ನಾನು ದಡ್ಡ’ ಎಂಬುದಕ್ಕೆ ಈ ಪಟ್ಟಿಯಲ್ಲಿ ಅಕ್ಷರವೇ ಇಲ್ಲ.

ಪತ್ರಿಕೆಯನ್ನು ಇನ್ನೊಬ್ಬರ ಕೈಗೆ ಕೊಡಿ. ಯಾರು ಎಂಬುದು ಮುಖ್ಯ. ನಿಮ್ಮ ಸೋಲಿನಿಂದ ಏನೂ ಕಳೆದುಕೊಳ್ಳದವರು, ಗೆಲುವಿನಿಂದ ಮೆರೆಯದವರು ಬೇಕು: ಅದೇ ಪರೀಕ್ಷೆ ಬರೆದಿರುವ ಸಹೋದ್ಯೋಗಿ, ಕನ್ನಡ ಸಂಘದ ವಾಚನಾಲಯದಲ್ಲಿ ಸಿಗುವ ನಿವೃತ್ತ ಮೇಷ್ಟ್ರು. ತಂದೆತಾಯಿ ಬೇಡ, ಮದುವೆಯಾಗಲಿರುವವರೂ ಬೇಡ. ಭಾನುವಾರ ಹತ್ತು ಗಂಟೆಗೆ ಅವರ ಕೈಗೆ ಕೊಡುತ್ತೇನೆ ಎಂದು ಮಾತು ಕೊಟ್ಟರೆ ಗಡುವು ಹೊರಗಿನದಾಗುತ್ತದೆ. ನಮಗೆ ನಾವೇ ಹಾಕಿಕೊಂಡ ಗಡುವನ್ನು ದಾಟುವುದು ಎಲ್ಲರಿಗೂ ಸುಲಭ.

ಹಂತ 5: ತಪ್ಪಿದ ದಿನದ ಮರುದಿನ

ತಪ್ಪುತ್ತದೆ. ಗಣಪತಿ ಹಬ್ಬ ಬರುತ್ತದೆ, ಆಫೀಸಿನಲ್ಲಿ ಸೆಪ್ಟೆಂಬರಿನ ಟ್ಯಾಕ್ಸ್ ಆಡಿಟ್ ಬರುತ್ತದೆ, ಅಥವಾ ಯಾವ ಕಾರಣವೂ ಇಲ್ಲದೆ ಮೂರು ದಿನ ಪುಸ್ತಕ ತೆರೆದಿರುವುದಿಲ್ಲ. ಆಗ ತನ್ನನ್ನು ತಾನೇ ಬೈದುಕೊಂಡರೆ ಮುಂದೆ ಸರಿಹೋಗುತ್ತದೆ ಎಂದು ನಮ್ಮ ನಂಬಿಕೆ. ಕೆನಡಾದ ಕಾರ್ಲಟನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು: ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕಾರಣ ಊಹಿಸುವುದು ಕಷ್ಟವಲ್ಲ. ಬೈದುಕೊಂಡಷ್ಟೂ ಆ ಪುಸ್ತಕದ ಜೊತೆ ನಾಚಿಕೆಯೂ ಅಂಟಿಕೊಳ್ಳುತ್ತದೆ, ಮತ್ತೆ ಅದನ್ನು ತೆರೆಯುವುದು ಇನ್ನೂ ಕಷ್ಟವಾಗುತ್ತದೆ.

ಮರುದಿನ ಎರಡು ಕೆಲಸ ಮಾಡಿ. ಏನಾಯಿತು ಎಂಬುದನ್ನು ವಿಶೇಷಣಗಳಿಲ್ಲದೆ ಬರೆಯಿರಿ: ‘ಮಂಗಳವಾರದಿಂದ ಗುರುವಾರ ಓದಲಿಲ್ಲ. ಆಫೀಸಿನಿಂದ ಹನ್ನೊಂದಕ್ಕೆ ಬಂದೆ.’ ನಂತರ ಹಂತ 2ರ ಅತಿ ಚಿಕ್ಕ ತುಂಡಿನಿಂದ ಶುರುಮಾಡಿ. ತಪ್ಪಿದ್ದನ್ನು ಸರಿದೂಗಿಸಲು ದುಪ್ಪಟ್ಟು ಮಾಡುವ ಪಣ ತೊಡಬೇಡಿ. ಅದು ಎರಡನೆಯ ದಿನವೇ ಮುರಿಯುತ್ತದೆ.

ಮನೆಯ ಹಿರಿಯರಿಗೆ

ಮಗ ಪುಸ್ತಕ ಮುಟ್ಟುತ್ತಿಲ್ಲ ಎಂದು ನಿಮಗಾಗುವ ಆತಂಕ ಸಹಜ. ‘ಎಷ್ಟು ಓದಿದೆ?’, ‘ಎಷ್ಟು ಬಂತು?’ ಎಂಬ ಎರಡು ಪ್ರಶ್ನೆಗಳನ್ನು ಒಂದು ತಿಂಗಳು ಬಿಟ್ಟು ನೋಡಿ. ಬದಲಿಗೆ ‘ಇವತ್ತು ಯಾವ ಲೆಕ್ಕ ಅರ್ಥವಾಗಲಿಲ್ಲ?’ ಎಂದು ಕೇಳಿ. ಅರ್ಥವಾಗದೆ ಇರುವುದು ಈ ಮನೆಯಲ್ಲಿ ಹೇಳಬಹುದಾದ ಮಾತು ಎಂದು ಮಕ್ಕಳಿಗೆ ತಿಳಿಯುತ್ತದೆ. ನೀವು ಹೋಟೆಲಿನಲ್ಲಿ ಗ್ಲಾಸು ತೊಳೆದ ಕಥೆಯನ್ನು ಹೇಳಿ, ಖಂಡಿತ ಹೇಳಿ. ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಪತ್ರಿಕೆ ಹೋದ ಕಥೆಯೂ ಇದ್ದರೆ ಅದನ್ನೂ ಹೇಳಿ. ಅವರಿಗೆ ಬೇಕಾಗಿರುವುದು ಎರಡನೆಯದು.

ಇಷ್ಟರಿಂದ ಆಗದಿದ್ದರೆ

ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಊಟ ಸೇರದೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿದ್ದರೆ ಅದು ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಎಲ್ಲ ಕೆಲಸಗಳಲ್ಲೂ ಗಮನ ನಿಲ್ಲದಿದ್ದರೆ ಗಮನದ ಕೊರತೆಯ ತೊಂದರೆಯಾದ ಎಡಿಎಚ್‌ಡಿ ಇರಬಹುದು. ಇವೆರಡಕ್ಕೂ ವೈದ್ಯರು ಬೇಕು, ಚಿಕಿತ್ಸೆಯೂ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕೇ ಬೇಡವೆನಿಸುವ ಯೋಚನೆ ಬಂದರೆ ಈ ಹಂತಗಳನ್ನೆಲ್ಲ ಬದಿಗಿಟ್ಟು ಅದೇ ಗಳಿಗೆಯಲ್ಲಿ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ಹಂತ 6: ಫಲಿತಾಂಶದ ದಿನವನ್ನು ಮೊದಲೇ ಬರೆದಿಡಿ

ಪರೀಕ್ಷೆ ಬರೆದ ವಾರದಲ್ಲೇ, ಮನಸ್ಸು ಸ್ವಲ್ಪ ಹಗುರಾಗಿರುವಾಗ, ಫಲಿತಾಂಶದ ಸಂಜೆಗೆ ಒಂದು ಯೋಜನೆ ಮಾಡಿ. ಯಾರ ಜೊತೆ ಕುಳಿತು ನೋಡುತ್ತೀರಿ, ಮೊದಲು ಯಾರಿಗೆ ಫೋನ್ ಮಾಡುತ್ತೀರಿ, ಗೆದ್ದರೂ ಸೋತರೂ ರಾತ್ರಿ ಎಲ್ಲಿ ಊಟ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಬಾಳೆ ಎಲೆಯ ಊಟ ಎಂದು ಬರೆದಿದ್ದರೆ, ಸೋತರೂ ಆ ಊಟಕ್ಕೆ ಹೋಗಲೇಬೇಕು.

ಸಿಎ ಬರೆದವರಾದರೆ ಇನ್ನೊಂದು ಸಾಲು ಸೇರಿಸಿ. ಫಲಿತಾಂಶ ಬಂದ 30 ದಿನದೊಳಗೆ ಅರ್ಜಿ ಹಾಕಿ ನಿಮ್ಮ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿಯನ್ನು ಪರೀಕ್ಷೆ ನಡೆಸುವ ಸಂಸ್ಥೆಯಿಂದ (ಐಸಿಎಐ) ತರಿಸಿಕೊಳ್ಳಬಹುದು. ಸೋತವರಲ್ಲಿ ಬಹಳ ಮಂದಿ ಇದನ್ನು ತರಿಸುವುದೇ ಇಲ್ಲ, ನೋಡುವ ಧೈರ್ಯ ಇರುವುದಿಲ್ಲ. ನೀವು ತರಿಸಿ. ಬಂದ ಮೇಲೆ ಒಬ್ಬರೇ ತೆರೆಯಬೇಡಿ. ಭಾನುವಾರದ ಪತ್ರಿಕೆಗಳನ್ನು ತಿದ್ದಿಕೊಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ಸಿಲ್ ಹಿಡಿದು, ಮೊದಲ ಪ್ರಶ್ನೆಯಿಂದ ಅದೇ ನಾಲ್ಕು ಅಕ್ಷರಗಳನ್ನು ಹಾಕುತ್ತ ಹೋಗಿ.